ಹಳೆಯ ಮಾಳಿಗೆ ಮನೆಗೆ ಅರ್ಥಿಂಗ್ ಮಾಡಿಸುವುದು ಹೇಗೆ?

ಪ್ರಶ್ನೆ:
ಗದಗಿನಲ್ಲಿರುವ ನಮ್ಮ ಹಿರಿಯರ ಮಾಳಿಗೆ ಮನೆಯಲ್ಲಿ ಮರದ ಪಟ್ಟಿಯ ಮೇಲೆ ಎಳೆದ ಹಳೆಯ ವೈರಿಂಗ್ ಇದೆ. ಸಾಕೆಟ್‌ಗಳು ಮೂರು ಪಿನ್ನಿನವಾದರೂ ಬಿಚ್ಚಿ ನೋಡಿದರೆ ಮೇಲಿನ ದೊಡ್ಡ ತೂತಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥ್ ಪಿನ್ನಿಗೆ, ತಂತಿಯೇ ಇಲ್ಲ. ಬರಿಗಾಲಲ್ಲಿ ನಿಂತು ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ನ್ಯೂಟ್ರಲ್‌ನಿಂದ (ಕರೆಂಟು ಹಿಂದಿರುಗುವ ತಂತಿಯಿಂದ) ಒಂದು ತುಂಡು ತಂತಿಯನ್ನು ಅರ್ಥ್ ಪಿನ್ನಿಗೆ ಕೊಟ್ಟರೆ ಸಾಕು ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಇದು ಸರಿಯೇ?

ಉತ್ತರ 1:
ಖಂಡಿತ ಬೇಡ. ಹಳೆಯ ಮನೆಗಳಲ್ಲಿ ಫೇಸ್‌ಗೆ (ಕರೆಂಟು ಬರುವ ತಂತಿಗೆ) ಇರುವಂತೆ ನ್ಯೂಟ್ರಲ್‌ಗೂ ಕಿಟ್‌ಕ್ಯಾಟ್ ಫ್ಯೂಸ್ (ಪಿಂಗಾಣಿಯ ಹಳೆಯ ಫ್ಯೂಸ್) ಇರುವುದುಂಟು. ಅದು ಸುಟ್ಟುಹೋದರೆ, ಅಥವಾ ಕಂಬದ ಬಳಿ ನ್ಯೂಟ್ರಲ್ ಕಡಿದರೆ, ಸ್ವಿಚ್ ಹಾಕಿದ ಒಂದು ಬಲ್ಬಿನ ಮೂಲಕವೇ ಫೇಸ್ ಹಾದುಬಂದು ಫ್ರಿಜ್ಜಿನ ಮೈಗೆ 230 ವೋಲ್ಟ್ ಏರುತ್ತದೆ. ಈಗ ಜುಮ್ಮೆನ್ನುತ್ತಿರುವುದು ಆಗ ಜೀವಕ್ಕೇ ಎರವಾದೀತು.

ಉತ್ತರ 2:
ಹಿತ್ತಲಿನಲ್ಲಿ, ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರದಲ್ಲಿ, ಅರ್ಥಿಂಗ್‌ಗಾಗಿ ಗುಂಡಿ ತೋಡಿ 2.5 ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ. ನಿಮ್ಮ ಭಾಗದ ಎರೆಮಣ್ಣು ತೇವವಿದ್ದಾಗ ಒಳ್ಳೆಯ ವಾಹಕವೇ ಹೌದು, ಆದರೆ ಬೇಸಿಗೆಯಲ್ಲಿ ಬಿರುಕುಬಿಟ್ಟು ಪೈಪಿನಿಂದ ಸರಿದು ನಿಲ್ಲುವುದರಿಂದ ಆಳ ಕಡಿಮೆ ಮಾಡಬೇಡಿ. ಇದ್ದಲು-ಉಪ್ಪು ತುಂಬುವ ಪದ್ಧತಿಯಲ್ಲಿ ಉಪ್ಪು ಪೈಪನ್ನೇ ತಿನ್ನುತ್ತದೆ. ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ಸಿಕ್ಕರೆ ಅದೇ ಮೇಲು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ, ಆದರೆ ಆ ನೀರು ಮಣ್ಣಿನ ಗೋಡೆಯ ಬುಡಕ್ಕೆ ಹರಿಯದಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮೀಟರ್ ಬೋರ್ಡಿನಿಂದ ಒಂದು ಬರಿ ತಂತಿ ಬಚ್ಚಲಿನ ನಳದ ಪೈಪಿಗೆ ಸುತ್ತಿದೆ. ಅದನ್ನೇ ಬಳಸಬಹುದೇ?

ಉತ್ತರ 3:
ಆ ಕಾಲಕ್ಕೆ ನಳದ ಪೈಪು ನೆಲದವರೆಗೂ ಕಬ್ಬಿಣದ್ದಾಗಿತ್ತು. ನಡುವೆ ಎಲ್ಲಾದರೂ ಒಂದು ತುಂಡು ಪಿವಿಸಿ ಸೇರಿದ್ದರೆ ಆ ತಂತಿ ಎಲ್ಲಿಗೂ ಮುಟ್ಟುವುದಿಲ್ಲ. ಸೋರಿಕೆಯಾದ ಕರೆಂಟು ನಲ್ಲಿಗೆ ಬರುತ್ತದೆ, ಅಷ್ಟೇ. ಅದನ್ನು ತೆಗೆಸಿಬಿಡಿ.

ಇನ್ನೊಂದು ಮಾತು. ಹೊಸ ಗುಂಡಿಯ ರೋಧ 10 ಓಮ್ ಬಂದರೂ ಫೇಸ್ ಮೈಗೆ ತಾಗಿದಾಗ ಹರಿಯುವುದು 23 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಅಷ್ಟಕ್ಕೆ ತಕ್ಷಣ ಬೀಳುವುದಿಲ್ಲ. ಆದ್ದರಿಂದ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್) ಬೇಕೇ ಬೇಕು. ಅರ್ಥ್ ತಂತಿ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆಯೇ ಬೀಳುತ್ತದೆ. ಅರ್ಥ್ ಇದ್ದರೆ ಮುಟ್ಟುವ ಮೊದಲೇ ಬೀಳುತ್ತದೆ. ಹಾಕಿದ ಕೂಡಲೇ ಪದೇ ಪದೇ ಬಿದ್ದರೆ ಅದನ್ನು ಕಿತ್ತುಹಾಕಬೇಡಿ, ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಎಲ್ಲಿ ಬೆರೆತಿದೆ, ಯಾವ ತಂತಿಯ ಹೊದಿಕೆ ಹರಿದಿದೆ ಎಂದು ಹುಡುಕಿಸಿ. ಇಡೀ ಮನೆಗೆ ಈಗಲೇ ಅರ್ಥ್‌ನ ಹಸಿರು ತಂತಿ ಎಳೆಸಲಾಗದಿದ್ದರೆ ಮೊದಲು ಫ್ರಿಜ್, ಗೀಸರ್ ಮತ್ತು ಮೋಟಾರಿಗೆ ಎಳೆಸಿ.