ಹತ್ತು ನಾಟ್‌ಗೂ ಇಪ್ಪತ್ತೈದಕ್ಕೂ ಒಂದೇ ಹಾಯಿ ಸಾಕಾ?

ಬನಶಂಕರಿಯಿಂದ, ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆ ಮೇಲೆ ನಿಂತು ಗಾಳಿಯಲ್ಲಿ ನೀರಿನ ಮೇಲೆ ಓಡೋದು) ಶುರು ಮಾಡಿ ಮೂರು ವರ್ಷ ಆಯಿತು. ತೂಕ 72 ಕೆ.ಜಿ., ಬೋರ್ಡ್ 120 ಲೀಟರ್‌ನ ಫ್ರೀರೈಡ್, ಅಂದರೆ ಸಾಮಾನ್ಯ ಓಡಾಟದ್ದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದ 7.0 ಚದರ ಮೀಟರ್ ಹಾಯಿ ಹೋದ ಸಲ ನಡುವೆ ಉದ್ದಕ್ಕೆ ಸೀಳಿತು. ಈ ಸಲ ಹೊಸದೇ ಕೊಳ್ಳೋಣ ಅಂತಿದ್ದೇನೆ. ಮೇ ತಿಂಗಳಲ್ಲಿ ಚೆನ್ನೈ ಕಡೆ ಮಧ್ಯಾಹ್ನದ ಕಡಲಗಾಳಿಗೆ ಹೋಗುತ್ತೇನೆ, ಆಷಾಢದಲ್ಲಿ ರಾಮೇಶ್ವರದ ಕಡೆ. ಎಲ್ಲಾ ಸೇರಿ ವರ್ಷಕ್ಕೆ ಹದಿನೈದು ದಿನ ನೀರಿಗಿಳಿದರೆ ಹೆಚ್ಚು. 10ರಿಂದ 25 ನಾಟ್‌ವರೆಗೆ ನಡೆಯುವ ಒಂದೇ ಹಾಯಿ ಇದೆಯಾ? ಎರಡು ತಂದರೆ ಮನೆಯಲ್ಲಿ ಏನು ಹೇಳೋದು ಅನ್ನೋ ಚಿಂತೆ ಬೇರೆ.

ಮಲ್ಲೇಶ್ವರದಿಂದ:
ಇಲ್ಲ ಸರ್. ಇದೆ ಅಂತ ಯಾರಾದರೂ ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಿ.

ಗಾಳಿಯ ವೇಗ ಎರಡರಷ್ಟಾದರೆ ಅದರ ಬಲ ನಾಲ್ಕರಷ್ಟಾಗುತ್ತದೆ. 10 ನಾಟ್ ಅಂದರೆ ಗಂಟೆಗೆ 18.5 ಕಿ.ಮೀ., 25 ಅಂದರೆ 46. ಹಾಯಿಯ ಮೇಲೆ ಬೀಳುವ ಬಲ ಆರು ಪಟ್ಟು ಜಾಸ್ತಿ. ಬೋರ್ಡು ನೀರಿನ ಮೇಲೆದ್ದು ಜಾರಬೇಕಾದರೆ, ಅಂದರೆ ಪ್ಲೇನಿಂಗ್ ಆಗಬೇಕಾದರೆ, ನಾವು ಹಾಕಿಕೊಳ್ಳುವ ಅಂದಾಜು ಲೆಕ್ಕ ಒಂದಿದೆ. ನಿಮ್ಮ ತೂಕವನ್ನು 1.34ರಿಂದ ಗುಣಿಸಿ, ನಾಟ್‌ನಿಂದ ಭಾಗಿಸಿ. ನಿಮಗೆ 12 ನಾಟ್‌ಗೆ 8.0 ಬರುತ್ತದೆ, 15ಕ್ಕೆ 6.4, 18ಕ್ಕೆ 5.4, 20ಕ್ಕೆ 4.8. 25ಕ್ಕೆ ನಾಲ್ಕಕ್ಕಿಂತ ಕಮ್ಮಿ! ಅಂಗಡಿಯ ತಕ್ಕಡಿಯಷ್ಟು ಕರಾರುವಾಕ್ಕಲ್ಲ, ಆದರೂ ಕಥೆ ಗೊತ್ತಾಗುತ್ತದಲ್ವಾ?

ನಾನು ಶುರುವಿನಲ್ಲಿ 7.5 ಕೊಂಡೆ. ದೊಡ್ಡದಿದ್ದರೆ ಎಲ್ಲದಕ್ಕೂ ಆಗುತ್ತೆ ಅಂತ ಲೆಕ್ಕ. ಕಾರಿನ ತಲೆ ಮೇಲೆ ಕಟ್ಟಿಕೊಂಡು ಸುಮಾರು ಆರುನೂರು ಕಿಲೋಮೀಟರ್ ಓಡಿಸಿ ಪಾಂಬನ್ ಹತ್ತಿರ ಇಳಿದರೆ 22 ನಾಟ್ ಗಾಳಿ. ಎರಡು ದಿನ ದಡದಲ್ಲಿ ಕೂತು ಕಡಲೆಕಾಯಿ ತಿಂದು ಬಂದೆ. ಗಾಳಿ ಬಂದಾಗ ತೂರಿಕೋ ಅಂತಾರೆ, ನನ್ನ ಹತ್ತಿರ ಇದ್ದದ್ದು ತೂರೋಕೆ ಆಗದಷ್ಟು ದೊಡ್ಡ ಮೊರ.

ನೀವು ಬೆಂಗಳೂರಿನಿಂದ ಅಷ್ಟು ದೂರ ಹೋಗೋದೇ ಜೋರು ಗಾಳಿಗೆ. ಹಾಗಾಗಿ ಆಷಾಢದ ಗಾಳಿಗೆ ಸರಿಹೋಗುವ ಹಾಯಿಯನ್ನೇ ಮೊದಲು ತಗೊಳ್ಳಿ. 5.7ರಿಂದ 6.0, ಕ್ಯಾಮ್ (ಹಾಯಿಯ ಅಡ್ಡಪಟ್ಟಿಗಳನ್ನು ಕಂಬಕ್ಕೆ ಒತ್ತಿ ಹಿಡಿಯುವ ಪ್ಲಾಸ್ಟಿಕ್ ತುಂಡು) ಇಲ್ಲದ್ದು. ಕ್ಯಾಮ್ ಇದ್ದರೆ ಹಾಯಿಯ ಆಕಾರ ಗಟ್ಟಿಯಾಗಿ ನಿಲ್ಲುತ್ತದೆ ನಿಜ. ಆದರೆ ಭಾರ ಜಾಸ್ತಿ, ಜೋಡಿಸೋದು ತಲೆನೋವು, ನೀರಿಗೆ ಬಿದ್ದ ಮೇಲೆ ಎತ್ತೋದು ಇನ್ನೂ ಕಷ್ಟ. ವರ್ಷಕ್ಕೆ ಹದಿನೈದು ದಿನ ಆಡುವವರಿಗೆ ಬೇಡ. 10–12 ನಾಟ್ ಇದ್ದ ದಿನ ನಿಮ್ಮ ಬೋರ್ಡ್ ನಿಮ್ಮನ್ನು ಹೊತ್ತುಕೊಂಡು ಸುಮ್ನೆ ತೇಲುತ್ತೆ. ಆ ದಿನ ತಿರುಗೋದು, ಜೈಬ್ ಹಾಕೋದು (ಗಾಳಿಗೆ ಬೆನ್ನು ಮಾಡಿ ತಿರುಗೋದು) ಕಲಿಯಿರಿ.

ಹಾಯಿಯ ಅಳತೆಗಿಂತ ಅದನ್ನು ಕಟ್ಟುವ ರೀತಿ ದೊಡ್ಡದು ಅಂತ ನನಗೆ ತಡವಾಗಿ ತಿಳಿಯಿತು. ಚಿಕ್ಕಂದಿನಲ್ಲಿ ಆಷಾಢದ ಗಾಳಿಗೆ ಪಟ ಹಾರಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಳಿ ಜೋರಾದರೆ ಸೂತ್ರದ ಗಂಟನ್ನು ಚೂರು ಮೇಲಕ್ಕೆ ಸರಿಸುತ್ತಿದ್ದೆವು, ಪಟ ಗಾಳಿಯನ್ನು ಅಷ್ಟಷ್ಟೇ ಚೆಲ್ಲಿಕೊಳ್ಳುತ್ತಿತ್ತು. ಇಲ್ಲಿ ಡೌನ್‌ಹಾಲ್ ಹಗ್ಗದ ಕೆಲಸವೂ ಅದೇ. ಹಾಯಿಯನ್ನು ಕೆಳಕ್ಕೆ ಬಿಗಿಯುವ ಈ ಹಗ್ಗವನ್ನು ಬುಡದಲ್ಲಿ ಚೆನ್ನಾಗಿ ಎಳೆದರೆ ಮಾಸ್ಟ್, ಅಂದರೆ ಹಾಯಿಯ ಕಂಬ, ಬಾಗಿ, ಹಾಯಿಯ ಹಿಂಬದಿಯ ಅಂಚು ಮೇಲ್ಗಡೆ ಸಡಿಲವಾಗಿ ಪಟಪಟ ಅನ್ನುತ್ತದೆ. ಹೊಸಬರು ಹಾಯಿ ಹಾಳಾಯಿತು ಅಂತ ಹೆದರುತ್ತಾರೆ. ಹಾಳಾಗಿಲ್ಲ, ಜಾಸ್ತಿ ಬಂದ ಗಾಳಿ ಹೊರಗೆ ಹೋಗುವ ಬಾಗಿಲು ಅದು. ಸಡಿಲ ಎಲ್ಲಿಯವರೆಗೆ ಬರಬೇಕು ಅಂತ ಎಷ್ಟೋ ಹಾಯಿಗಳ ಮೇಲೆ ಗುರುತೇ ಇರುತ್ತದೆ. ಒಂದೆರಡು ಸೆಂಟಿಮೀಟರ್ ಎಳೆತದಲ್ಲಿ ಒಂದೇ ಹಾಯಿ ಬೇರೆಯದೇ ಆಗಿಬಿಡುತ್ತದೆ. ಬರಿಗೈಲಿ ಎಳೆಯಬೇಡಿ, ಹಗ್ಗ ಅಂಗೈ ಕುಯ್ಯುತ್ತೆ. ನಾನು ಮನೆಯ ಹಳೇ ಲಟ್ಟಣಿಗೆಗೆ ಹಗ್ಗ ಸುತ್ತಿ, ಕಾಲನ್ನು ಮಾಸ್ಟ್ ಬುಡಕ್ಕೆ ಒತ್ತಿ ಎಳೆಯುತ್ತೇನೆ. ಅಮ್ಮ ಅದನ್ನು ಇನ್ನೂ ಹುಡುಕುತ್ತಿದ್ದಾರೆ.

ವೈಟ್‌ಫೀಲ್ಡ್‌ನಿಂದ:
ಮಲ್ಲೇಶ್ವರದ ಸರ್ ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. 10–12 ನಾಟ್ ಬಿಟ್ಟುಬಿಡಿ ಅನ್ನೋದು ಅಷ್ಟು ಸುಲಭ ಅಲ್ಲ. ಚೆನ್ನೈಗೆ ಬರೋದು ಮುನ್ನೂರೈವತ್ತು ಕಿಲೋಮೀಟರ್, ರಜೆ ಇರೋದು ಎರಡೇ ದಿನ. ಬಂದದ್ದು ಮೆಲುಗಾಳಿ ಆದರೆ ಎರಡೂ ದಿನ ತೇಲಿಕೊಂಡು ಇರೋಕಾಗುತ್ತಾ? ನನ್ನ ತೂಕ 54. ನನಗೆ 5.0 ಮಾಡುವ ಕೆಲಸಕ್ಕೆ ನಿಮಗೆ 6.5 ಬೇಕು. ಅದಕ್ಕೇ ಗೆಳೆಯರ ಹಾಯಿ ನೋಡಿ ಅಳತೆ ತೀರ್ಮಾನ ಮಾಡಬೇಡಿ, ಮೊದಲು ಅವರ ತೂಕ ಕೇಳಿ (ಕೇಳೋದು ಕಷ್ಟ, ಗೊತ್ತು).

ಇನ್ನೊಂದು ಮೋಸ ನನಗೇ ಆದದ್ದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಎಬಾದ್ ಅಲಿ ಆರ್‌ಎಸ್‌ಎಕ್ಸ್ ಅನ್ನೋ ವಿಂಡ್‌ಸರ್ಫಿಂಗ್ ವಿಭಾಗದಲ್ಲಿ ಕಂಚು ಗೆದ್ದರು. ಆ ವಿಭಾಗದ ಗಂಡಸರ ಹಾಯಿ 9.5. ಮೆಲುಗಾಳಿಯಲ್ಲೂ ಅವರು ಹಾರಿಕೊಂಡು ಹೋಗೋದು ನೋಡಿ ನನಗೂ ದೊಡ್ಡದೇ ಬೇಕು ಅನ್ನಿಸಿತು. ಅವರು ಹಾಯಿಯನ್ನು ರೆಕ್ಕೆ ಬಡಿದ ಹಾಗೆ ಬಿಡದೆ ಪಂಪ್ ಮಾಡುತ್ತಾರೆ ಅನ್ನೋದು ಆಮೇಲೆ ಗೊತ್ತಾಯಿತು. ಎರಡು ನಿಮಿಷ ಮಾಡಿ ನೋಡಿ, ಉಸಿರು ಎಲ್ಲಿದೆ ಅಂತ ಹುಡುಕಬೇಕು. ಮೆಲುಗಾಳಿಯೇ ನಿಮಗೆ ಮುಖ್ಯವಾದರೆ ಮುಂದೊಂದು ದಿನ ಫಾಯಿಲ್ (ಬೋರ್ಡಿನ ಅಡಿಗೆ ಹಾಕುವ ರೆಕ್ಕೆ) ನೋಡಿ. ಅದು ಬೋರ್ಡನ್ನೇ ನೀರಿನಿಂದ ಮೇಲೆತ್ತುವುದರಿಂದ ಚಿಕ್ಕ ಹಾಯಿಯೇ ಸಾಕಾಗುತ್ತದೆ. ಸದ್ಯಕ್ಕೆ ನನ್ನ ಓಟು 6.5ಕ್ಕೆ.

ರಾಜಾಜಿನಗರದಿಂದ:
6.0 ಆಗಲಿ 6.5 ಆಗಲಿ, ಮಾಸ್ಟ್ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ! ನಾನು ದುಡ್ಡು ಕಳಕೊಂಡಿದ್ದು ಅಲ್ಲೇ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಒಂದು 5.8 ಸಿಕ್ಕಿತು, ತರಿಸಿದೆ. ನನ್ನ ಮಾಸ್ಟಿನ ಉದ್ದ ಸರಿ ಇತ್ತು, ಬಾಗುವ ರೀತಿ ಬೇರೆ. ಕೆಲವು ಕಂಪನಿಗಳ ಹಾಯಿಗೆ ತುದಿ ಮೆತ್ತಗೆ ಬಾಗಬೇಕು, ಕೆಲವಕ್ಕೆ ತುದಿ ಬಿಗಿ ಇರಬೇಕು, ಕೆಲವು ನಡುವೆ. ನಾನು ಎಷ್ಟು ಎಳೆದರೂ ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) ಹತ್ತಿರ ಸುಕ್ಕು ಹೋಗಲಿಲ್ಲ, ಮೇಲ್ಗಡೆ ಅಂಚು ಸಡಿಲ ಆಗಲಿಲ್ಲ. ಗಾಳಿ ಸ್ವಲ್ಪ ಜೋರಾದರೆ ಹಾಯಿ ನನ್ನನ್ನೇ ಎಳೆದು ಮುಂದಕ್ಕೆ ಎಸೆಯುತ್ತಿತ್ತು. ಆರು ತಿಂಗಳು ನನ್ನ ಕೈಚಳಕವೇ ಸಾಲದು ಅಂದುಕೊಂಡೆ.

ಹಾಯಿಯ ಬುಡದ ಹತ್ತಿರ ಅಚ್ಚು ಹಾಕಿರುತ್ತಾರೆ, ಓದಿ. ಲಫ್ (ಮಾಸ್ಟ್ ಕಡೆಯ ಅಂಚಿನ ಉದ್ದ) 446 ಅಂತಿದ್ದು ಮಾಸ್ಟ್ 430 ಇದ್ದರೆ ಎಕ್ಸ್‌ಟೆನ್ಷನ್ (ಮಾಸ್ಟಿನ ಬುಡಕ್ಕೆ ಸೇರಿಸುವ ತುಂಡು) 16 ಸೆಂಟಿಮೀಟರ್ ಇಡಬೇಕು. ಬೂಮ್ ಉದ್ದವೂ ಅಲ್ಲೇ ಇರುತ್ತದೆ. ಯಾವ ಮಾಸ್ಟಿಗೆ ಅಂತ ಹೊಲೆದಿದ್ದಾರೋ ಅದನ್ನೇ ಹಾಕಿ. ಮುಂದೆ ಎರಡನೇ ಹಾಯಿ ತಗೊಳ್ಳುವುದಾದರೆ ಅದೇ ಮಾಸ್ಟಿಗೆ ಹೊಂದೋದನ್ನು ಹುಡುಕಿ. 430ರ ಮೇಲೆ 5.3 ಮತ್ತು 6.5 ಎರಡೂ ನಡೆಯುವ ಹಾಯಿಗಳಿವೆ. ಮನೆಯಲ್ಲಿ ಕೇಳಿದರೆ ಮಾಸ್ಟ್ ಒಂದೇ, ಬೂಮ್ ಒಂದೇ ಅನ್ನಬಹುದು, ಸುಳ್ಳಾಗಲ್ಲ.

ಹೊಸ ಹಾಯಿ ಉಳಿಯಬೇಕು ಅಂದರೆ ಬಿಸಿಲಿಗೆ ಬಿಡಬೇಡಿ. ಆ ಪಾರದರ್ಶಕ ಹಾಳೆ, ಮೊನೊಫಿಲ್ಮ್, ಬಿಸಿಲು ಕುಡಿದು ಕುಡಿದು ಹಪ್ಪಳದ ಹಾಗೆ ಗರಿಗರಿ ಆಗುತ್ತದೆ. ನಿಮ್ಮ 7.0 ಸೀಳಿದ್ದೂ ಹಾಗೇ ಇರಬೇಕು. ನೂಲಿನ ಜಾಲರಿ ಇರುವ ಎಕ್ಸ್-ಪ್ಲೈ ಸ್ವಲ್ಪ ಭಾರ, ಆದರೆ ಸೀಳು ಓಡುವುದಿಲ್ಲ. ಮಡಚಬೇಡಿ, ಸುರುಳಿ ಸುತ್ತಿ. ಉಪ್ಪು ತೊಳೆಯೋಕೆ ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್ ಸಾಕು. 2024ರ ಮಾರ್ಚ್‌ನ ನೀರಿನ ಬರದಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ನನ್ನ ಬಕೆಟ್ಟನ್ನೇ ಎಣಿಸುತ್ತಿದ್ದರು, ಅಷ್ಟರಲ್ಲೇ ಮುಗಿಸಿದ್ದೇನೆ. ಮತ್ತೆ ಅಟ್ಟದ ಮೇಲೆ ಇಡುವ ಮೊದಲು ಇಲಿ ಇದೆಯಾ ನೋಡಿಕೊಳ್ಳಿ.

ಬನಶಂಕರಿಯಿಂದ, ಕೇಳಿದವರೇ:
ಎಲ್ಲರಿಗೂ ಥ್ಯಾಂಕ್ಸ್. ಕಳೆದ ವರ್ಷದ ದಿನಗಳನ್ನು ಫೋನ್‌ನ ಫೋಟೋ ನೋಡಿ ಎಣಿಸಿದೆ. ಹದಿನಾಲ್ಕರಲ್ಲಿ ಒಂಬತ್ತು ದಿನ ರಾಮೇಶ್ವರ. ಹಾಗಾಗಿ 6.0 ಅಂತ ಮನಸ್ಸು ಮಾಡಿದೆ, ವೈಟ್‌ಫೀಲ್ಡ್ ಮೇಡಂ ಬೇಜಾರು ಮಾಡ್ಕೋಬೇಡಿ. ಆದರೆ ರಾಜಾಜಿನಗರದವರ ಮಾತು ಓದಿ ಈಗಷ್ಟೇ ಟಾರ್ಚ್ ಹಿಡಿದು ಅಟ್ಟ ಹತ್ತಿ ಮಾಸ್ಟಿನ ಬುಡ ನೋಡಿದೆ. ಉದ್ದ 460, ಬಿಗಿಯ ಅಂಕಿ ಐಎಂಸಿಎಸ್ 25 ಅಂತಿದೆ. ಇದು ನಡೆಯುತ್ತಾ?

ರಾಜಾಜಿನಗರದಿಂದ:
6.0ಗೆ ಅದು ಉದ್ದವೂ ಹೌದು, ಬಿಗಿಯೂ ಹೌದು. ಬಾಗೋದೇ ಇಲ್ಲ, ಮಲ್ಲೇಶ್ವರದವರು ಹೇಳಿದ ಆ ಬಾಗಿಲು ತೆರೆಯಲ್ಲ. 430, ಐಎಂಸಿಎಸ್ 21 ಹುಡುಕಿ, ಹಾಯಿ ಆಮೇಲೆ. ಮನೆಯಲ್ಲಿ ಏನು ಹೇಳೋದು ಅಂತ ನನ್ನನ್ನು ಕೇಳಬೇಡಿ.