ಏಳು ಗಂಟೆಗೆ ಫೋನ್ ಬಂದ್: ನಮ್ಮ ಮನೆ ಗುಂಪಿನಲ್ಲಿ ಒಂದು ರಾತ್ರಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ತೆಂಗಿನಮನೆ'. ತಿಪಟೂರು, ಹಾಸನ, ತುಮಕೂರು, ಮೈಸೂರು, ಬೆಂಗಳೂರು, ಕುವೈತ್ ಎಲ್ಲ ಸೇರಿ ಹದಿನೆಂಟು ಜನ ಇದ್ದೇವೆ. ಕಳೆದ ಮಂಗಳವಾರ ರಾತ್ರಿ ಅಲ್ಲಿ ನಡೆದ ಮಾತು ಇದು. ಎಲ್ಲರನ್ನೂ ಕೇಳಿ, ಹೆಸರು ಬದಲಿಸಿ ಹಾಕುತ್ತಿದ್ದೇನೆ. ಮಧ್ಯೆ ಬಂದ 'ಊಟ ಆಯ್ತಾ'ಗಳನ್ನು ಬಿಟ್ಟಿದ್ದೇನೆ.

ಶಿವಣ್ಣ ಚಿಕ್ಕಪ್ಪ, 8:04
[ವಿಡಿಯೋ]
ಎಲ್ಲರೂ ತಪ್ಪದೆ ನೋಡಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಊರು. ನಮ್ಮ ಬೆಳಗಾವಿಯ ಪಕ್ಕದ ಜಿಲ್ಲೆಯೇ. ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಎಂಟೂವರೆವರೆಗೆ ಇಡೀ ಊರಿನಲ್ಲಿ ಟಿವಿ ಇಲ್ಲ, ಮೊಬೈಲ್ ಇಲ್ಲ. ಮಕ್ಕಳು ಪುಸ್ತಕ ಹಿಡಿದು ಕೂರುತ್ತಾರೆ. 2022ರ ಆಗಸ್ಟ್ 15ರಿಂದ ಹೀಗೆ ನಡೆಸಿದ್ದಾರೆ.

ಶಿವಣ್ಣ ಚಿಕ್ಕಪ್ಪ, 8:07
ನಾವೂ ಮಾಡೋಣ. ಬರುವ ಸೋಮವಾರದಿಂದ ಸಂಜೆ 7ರಿಂದ 9ರವರೆಗೆ ಗುಂಪಿಗೆ ಬೀಗ. ಅಡ್ಮಿನ್ ಬಿಟ್ಟು ಯಾರೂ ಬರೆಯುವಂತಿಲ್ಲ. ಹುಡುಗರು ಇನ್‌ಸ್ಟಾಗ್ರಾಂ ಮುಟ್ಟುವಂತಿಲ್ಲ. ಪೂಜಾ, ನಿನಗೇ ಹೇಳುತ್ತಿರುವುದು. ಇನ್ನೊಂದು, ಬೆಳಗಾಗೆದ್ದು ಶುಭೋದಯದ ಹೂವಿನ ಚಿತ್ರ ಹಾಕುವುದೂ ನಿಲ್ಲಲಿ. ನನ್ನ ಫೋನ್ ತುಂಬಿ ಹೋಗಿದೆ. ಅಮ್ಮನಿಗೂ ಹೇಳಬೇಕು.

ಸುಧಾ ಅತ್ತೆ, 8:11
ಸರಿಯಾಗಿ ಹೇಳಿದೆ ಅಣ್ಣ. ಇವಳು ಮನೆಗೆ ಬಂದರೆ ಊಟದ ತಟ್ಟೆ ಮುಂದೆಯೂ ಫೋನ್. ನಿಮ್ಹಾನ್ಸ್‌ನಲ್ಲಿ ಈ ಚಟ ಬಿಡಿಸಲು ಅಂತಲೇ 2014ರಿಂದ ಒಂದು ಕ್ಲಿನಿಕ್ ಇದೆ. ಅಷ್ಟು ದೊಡ್ಡ ಆಸ್ಪತ್ರೆಯವರೇ ಬೇಕು ಅಂದಿದ್ದಾರೆ ಅಂದರೆ ಇದು ಸುಮ್ನೆ ಮಾತಲ್ಲ.

ಪೂಜಾ, 8:15
ಮಾವ, ವಿಡಿಯೋ ಮೇಲೆ ಎರಡು ಬಾಣದ ಗುರುತು ಇದೆ ನೋಡಿ. ಕಡಿಮೆ ಅಂದರೂ ಐದು ಕೈ ದಾಟಿ ಬಂದಿದೆ. ಊರಿನ ಸುದ್ದಿ ನಿಜ, ನಾನೂ ಓದಿದ್ದೇನೆ. ಆದರೆ ವಿಡಿಯೋ ಕೊನೆಯಲ್ಲಿ 'ಮಕ್ಕಳು ಕೆಟ್ಟರು' ಅಂತ ದನಿ ಸೇರಿಸಿದ್ದಾರಲ್ಲ, ಅದನ್ನು ಊರಿನವರು ಹೇಳಿಲ್ಲ. ಅಲ್ಲಿ ಹೆಂಗಸರನ್ನೂ ಸಭೆಗೆ ಕರೆದಿದ್ದರು. ಮಕ್ಕಳು ಫೋನ್ ಇಟ್ಟಂತೆ ದೊಡ್ಡವರೂ ಧಾರಾವಾಹಿ ಬಂದ್ ಮಾಡಿದರು. ನೀವು ಅರ್ಧ ಮಾತ್ರ ತಂದಿದ್ದೀರಿ.

ಸುಧಾ ಅತ್ತೆ, 8:16
ಪೂಜಾ, ಮಾವನ ಹತ್ತಿರ ಹೀಗಾ ಮಾತಾಡೋದು?

ರಘು ಕುವೈತ್, 8:19
ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಅತ್ತೆ? ಅಪ್ಪ, ನಿಮ್ಮ ಏಳು ಗಂಟೆ ಅಂದರೆ ನನಗೆ ನಾಲ್ಕೂವರೆ. ಡ್ಯೂಟಿ ಮುಗಿಸಿ ರೂಮಿಗೆ ಬರುವ ಹೊತ್ತು. ಬಾಗಿಲು ತೆಗೆದರೆ ಒಳಗೆ ಯಾರೂ ಇರುವುದಿಲ್ಲ. ಆಗಲೇ ನಾನು ಗುಂಪು ತೆಗೆಯುವುದು. ಯಾರ ಮನೆಯಲ್ಲಿ ಏನು ಸಾರು, ತೋಟಕ್ಕೆ ಮಳೆ ಬಂತಾ, ಎಲ್ಲ ಓದುತ್ತೇನೆ. ನೀವು ಸರಿಯಾಗಿ ಆ ಎರಡು ಗಂಟೆಗೇ ಬೀಗ ಹಾಕುತ್ತಿದ್ದೀರಿ.

ಲಲಿತಾ ಅತ್ತಿಗೆ, 8:24
ನನ್ನದೂ ಒಂದು ಮಾತು ಮಾವ. ನನ್ನ ಸಂಡಿಗೆ, ಹಪ್ಪಳದ ಆರ್ಡರ್ ಬರುವುದೇ ಸಂಜೆ ಏಳರಿಂದ ಒಂಬತ್ತರ ಒಳಗೆ. ಹೆಂಗಸರು ಕೆಲಸ ಮುಗಿಸಿ ಸ್ಟೇಟಸ್ ನೋಡುವ ಹೊತ್ತು ಅದು. ಮಹಡಿ ಮೇಲೆ ಅರಳು ಸಂಡಿಗೆ ಒಣಗಿಸಿದ ಫೋಟೋ ಹಾಕಿದರೆ ಸಾಕು, 'ಅರ್ಧ ಕೆಜಿ ಎತ್ತಿಡಿ' ಅಂತ ಬರುತ್ತದೆ. ಅಂಗಡಿ ಇಟ್ಟಿದ್ದರೆ ಬಾಡಿಗೆ ಕಟ್ಟಬೇಕಿತ್ತು. ಮಗಳ ಶಾಲೆ ಫೀಸಿನಲ್ಲಿ ಒಂದು ಕಂತು ಈ ಸ್ಟೇಟಸ್‌ನಿಂದಲೇ ಬಂದದ್ದು.

ಶಿವಣ್ಣ ಚಿಕ್ಕಪ್ಪ, 8:27
ವ್ಯಾಪಾರದ ಮಾತು ಬೇರೆ ಲಲಿತಾ. ನಾನೂ ಹರಾಜಿನ ದಿನ ಕೊಬ್ಬರಿ ರೇಟ್ ವಾಟ್ಸಾಪ್‌ನಲ್ಲೇ ನೋಡುತ್ತೇನೆ. ನಾನು ಹೇಳುತ್ತಿರುವುದು ಕೆಲಸಕ್ಕೆ ಬಾರದ್ದನ್ನು ನೋಡುತ್ತಾ ಕೂರುವ ಬಗ್ಗೆ.

ಪೂಜಾ, 8:31
ಅದಕ್ಕೂ ಕಾರಣ ಇದೆ ಮಾವ. ಮೊದಲೆಲ್ಲ ಪುಟದ ಕೊನೆ ಅಂತ ಒಂದು ಇರುತ್ತಿತ್ತು. ಮುಂದಿನದು ಬೇಕಾದರೆ ಒತ್ತಬೇಕಿತ್ತು. 2006ರಲ್ಲಿ ಅಜಾ ರಾಸ್ಕಿನ್ ಅನ್ನುವವರು ಕೊನೆಯೇ ಇಲ್ಲದೆ ಕೆಳಗೆ ಸರಿಯುತ್ತಾ ಹೋಗುವ ವಿನ್ಯಾಸ ಮಾಡಿದರು. ಅದನ್ನು ಮಾಡಿದ್ದಕ್ಕೆ ಬೇಜಾರಾಗಿದೆ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಕ್ಲಾಸಿನಲ್ಲಿ ಇದನ್ನು ಓದಿದ ದಿನ ನನ್ನ ಕೈ ನಾನೇ ನೋಡಿಕೊಂಡೆ. ಹೆಬ್ಬೆರಳು ನಿಲ್ಲುವುದಕ್ಕೆ ಜಾಗವೇ ಇಲ್ಲ. ನನಗೂ ಕಷ್ಟ ಆಗುತ್ತಿದೆ. ನಾನು ಬೇಕು ಅಂತ ಮಾಡುತ್ತಿಲ್ಲ. ಆದರೆ ಇಡೀ ಗುಂಪಿನ ಎದುರು ನನ್ನ ಹೆಸರು ಹಿಡಿದರೆ ನಾನು ಏನು ಹೇಳಲಿ?

ಇಷ್ಟು ಹೊತ್ತು ನಾನು ಓದುತ್ತಿದ್ದೆ ಅಷ್ಟೇ. ಸುಧಾ ಅತ್ತೆಯ ಮಗಳು ಪೂಜಾಗೆ ಹತ್ತೊಂಬತ್ತು ವರ್ಷ. 'ನನಗೂ ಕಷ್ಟ ಆಗುತ್ತಿದೆ' ಅಂತ ಆ ವಯಸ್ಸಿನಲ್ಲಿ ಹಿರಿಯರ ಮುಂದೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಅದನ್ನು ಯಾರೂ ಗಮನಿಸದೆ ದಾಟಿಬಿಡುತ್ತಾರೆ ಅನ್ನಿಸಿತು. ಬರೆಯಲು ಶುರು ಮಾಡಿದೆ.

ನಾನು, 8:40
ಪೂಜಾ, ನನಗೂ ಹಾಗೇ. ಮಗ ಮಲಗಿದ ಮೇಲೆ ಹತ್ತು ನಿಮಿಷ ನೋಡೋಣ ಅಂತ ರೀಲ್ಸ್ ಹಿಡಿಯುತ್ತೇನೆ, ಗಡಿಯಾರ ನೋಡಿದರೆ ಹನ್ನೆರಡೂವರೆ. ನನಗೆ ನಲವತ್ತೊಂದು ವರ್ಷ ಚಿಕ್ಕಪ್ಪ. ಇದು ಹುಡುಗರ ಕಾಯಿಲೆ ಮಾತ್ರ ಅಲ್ಲ.

ನಾನು, 8:46
ಒಂದು ವಿಷಯ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಹೋದ ತಿಂಗಳು ತೋಟದ ಮನೆಯಲ್ಲಿ ಎಲ್ಲ ಸೇರಿದ್ದೆವಲ್ಲ, ಮಧ್ಯಾಹ್ನ ಊಟ ಆದ ಮೇಲೆ ನಡುಮನೆಯಲ್ಲಿ ಹನ್ನೊಂದು ಜನ ಇದ್ದೆವು. ಅಜ್ಜಿ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಾ ಬಾವಿ ಕತೆ ತೆಗೆದರು. ಬರ ಬಂದ ವರ್ಷ ಬಾವಿ ತಳ ಕಂಡಿತ್ತು, ತಾತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು, ಕೆಳಗೆ ಅವರಿಗೆ ಒಂದು ಶಬ್ದ ಕೇಳಿಸಿತು ಅಂದರು. ಅಷ್ಟು ಹೇಳಿ ಸುತ್ತ ನೋಡಿದರು. ನನ್ನ ಫೋನ್ ಚಾರ್ಜಿಗೆ ಇತ್ತು, ಅದಕ್ಕೇ ನನಗೆ ಕಂಡಿತು. ಯಾರೂ ತಲೆ ಎತ್ತಲಿಲ್ಲ. ಚಿಕ್ಕಪ್ಪ, ನೀವು ಹಸುವಿನ ವಿಡಿಯೋ ನೋಡುತ್ತಿದ್ದಿರಿ, ಸೌಂಡ್ ಜೋರಾಗಿತ್ತು. ಅತ್ತೆ ಸೀರೆ ನೋಡುತ್ತಿದ್ದರು. ಅಜ್ಜಿ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ ಎದ್ದು ಅಡುಗೆಮನೆಗೆ ಹೋದರು. ಆ ಬಿಳಿ ಗುರುತು ಇನ್ನೂ ನನ್ನ ಕಣ್ಣಲ್ಲಿದೆ.

ನಾನು, 8:47
'ಆಮೇಲೆ ಏನಾಯ್ತು ಅಜ್ಜಿ' ಅಂತ ನಾನೂ ಕೇಳಲಿಲ್ಲ. ಎದ್ದು ಹೋಗಿ ನನ್ನ ಫೋನ್ ತಗೊಂಡೆ. ಅವತ್ತು ಗಂಟೆ ಎರಡೂವರೆ. ಏಳು ಗಂಟೆಯ ಸೈರನ್ ಅದನ್ನು ಹೇಗೆ ತಡೆಯುತ್ತಿತ್ತು?

ಏಳೆಂಟು ನಿಮಿಷ ಯಾರೂ ಏನೂ ಬರೆಯಲಿಲ್ಲ. ನೀಲಿ ಗೆರೆ ಮಾತ್ರ ಬಂದಿತ್ತು. ನಾನು ಜಾಸ್ತಿ ಹೇಳಿಬಿಟ್ಟೆನಾ ಅಂತ ಅಳುಕಾಯಿತು.

ಶಿವಣ್ಣ ಚಿಕ್ಕಪ್ಪ, 8:55
ಬೇಜಾರಿಲ್ಲ ಅನಿತಾ. ಹೇಳಿದ್ದು ಸರಿ. ಅಮ್ಮ ಎದ್ದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಶಿವಣ್ಣ ಚಿಕ್ಕಪ್ಪ, 9:03
ನಾನು ಯಾಕೆ ಇದರ ಬೆನ್ನು ಬಿದ್ದಿದ್ದೇನೆ ಅಂತ ಹೇಳುತ್ತೇನೆ, ಯಾರಿಗೂ ಹೇಳಿರಲಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಒಂದು ಆಡಿಯೋ ಓಡಾಡುತ್ತಿತ್ತು. ನನ್ನ ಸ್ಕೂಲಿನ ಪೋಷಕರ ಗುಂಪಿಗೆ ಅದನ್ನು ಕಳಿಸಿದವನು ನಾನೇ. ಮೇಷ್ಟ್ರು ಕಳಿಸಿದ್ದು ಅಂದಮೇಲೆ ಎಲ್ಲರೂ ನಂಬಿದರು. ಎರಡು ದಿನಕ್ಕೆ ನಮ್ಮ ಬೀದಿಗೆ ಕಂಬಳಿ ಮಾರುವವರು ಬಂದರು. ಅಪ್ಪ, ಮಗ. ಜನ ಸುತ್ತುಗಟ್ಟಿದರು. ನಾನು ಓಡಿಹೋಗಿ ಅಡ್ಡ ನಿಂತೆ. ಆ ಹುಡುಗ ಕಂಬಳಿ ಗಂಟನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ. ಅವರು ಉಳಿದರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಇದೇ ಸುದ್ದಿ ನಂಬಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನನ್ನು. ಅವನ ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಯಿತು.

ಶಿವಣ್ಣ ಚಿಕ್ಕಪ್ಪ, 9:05
ಆಮೇಲೆ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ಹಾಕಿದರು. ನನಗೆ ಒಂದೇ ಕಡೆ ಸಾಕಾಗಿತ್ತು. ಅವತ್ತಿನಿಂದ ಈ ಯಂತ್ರ ಕಂಡರೆ ಭಯ. ಅದಕ್ಕೇ ಬೀಗ ಹಾಕೋಣ ಅನ್ನಿಸುತ್ತದೆ.

ರಘು ಕುವೈತ್, 9:08
ಅಪ್ಪ, ನನಗೆ ಇದು ಗೊತ್ತೇ ಇರಲಿಲ್ಲ.

ನಾನು, 9:12
ಚಿಕ್ಕಪ್ಪ, ನೀವು ಅಡ್ಡ ನಿಂತಿರಿ. ಅದನ್ನೂ ನೆನಪಿಡಿ. ಆದರೆ ನೋಡಿ, ಆ ಆಡಿಯೋ ಕಳಿಸಲು ನಿಮಗೆ ಎಷ್ಟು ಹೊತ್ತು ಹಿಡಿಯಿತು? ಅರ್ಧ ನಿಮಿಷ. ಲಲಿತಾ ಅತ್ತಿಗೆ ದಿನಾ ಎರಡು ಗಂಟೆ ಫೋನ್ ಹಿಡಿದರೂ ಯಾರಿಗೂ ನೋವು ಮಾಡಿಲ್ಲ. ಗಂಟೆ ಲೆಕ್ಕ ಹಾಕಿದರೆ ತಪ್ಪು ಅತ್ತಿಗೆಯದು ಅಂತಾಗುತ್ತದೆ. ಅದಕ್ಕೇ ನನಗೆ ಈ 7ರಿಂದ 9ರ ನಿಯಮ ಒಪ್ಪಿಗೆ ಇಲ್ಲ. ಕಳಿಸುವ ಮೊದಲು ಇದು ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಅಂತ ನೋಡಬೇಕು. ಎದುರಿಗೆ ಕೂತವರು ಮಾತಾಡುತ್ತಿದ್ದರೆ ತಲೆ ಎತ್ತಬೇಕು. ಇವೆರಡಕ್ಕೆ ಗಡಿಯಾರ ಬೇಕಾಗಿಲ್ಲ.

ಸುಧಾ ಅತ್ತೆ, 9:15
ಆದರೂ ಒಂದು ಕಟ್ಟುಪಾಡು ಇರಬೇಕು ಅನಿತಾ. ಸುಮ್ನೆ 'ನೋಡಿಕೊಳ್ಳಿ' ಅಂದರೆ ಯಾರು ಕೇಳುತ್ತಾರೆ? ಆ ಊರಿನಲ್ಲೂ ಸೈರನ್ ಕೂಗಿದರಷ್ಟೇ ಸಾಲಲಿಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಮನೆ ಮನೆಗೆ ಹೋಗಿ ಹೇಳಬೇಕಾಯಿತು.

ಅತ್ತೆಯ ಮಾತಿನಲ್ಲಿ ಹುರುಳಿದೆ, ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ. ಉತ್ತರ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಜ್ಜಿಯ ಧ್ವನಿ ಸಂದೇಶ ಬಂತು. ಒಂದು ನಿಮಿಷ ನಲವತ್ತು ಸೆಕೆಂಡ್. ಹಿಂದೆ ಜೀರುಂಡೆ ಸದ್ದು ಕೇಳುತ್ತಿತ್ತು. ಮಾತನ್ನು ಹಾಗೇ ಇಳಿಸಿದ್ದೇನೆ.

ಅಜ್ಜಿ, 9:21
ಶಿವು, ಎಲ್ಲ ಕೇಳಿಸಿಕೊಂಡೆ. ತೋಟದ ಹುಡುಗ ಓದಿ ಹೇಳಿದ. ಬೆಳಿಗ್ಗೆ ಹೂವು ಹಾಕಬೇಡ ಅಂದೆಯಲ್ಲ. ನಾನು ಇಲ್ಲಿ ಒಬ್ಬಳೇ ಮಲಗುವವಳು. ಐದಕ್ಕೆ ಎದ್ದು, ಮುಖ ತೊಳೆದು, ದೇವರಿಗೆ ದೀಪ ಹಚ್ಚಿ, ಆಮೇಲೆ ಒಂದು ಹೂವು ಕಳಿಸುತ್ತೇನೆ. ಹೂವು ನೋಡಿ ಅಂತ ಅಲ್ಲಪ್ಪ. ಇವತ್ತೂ ಎದ್ದಿದ್ದೇನೆ ಅಂತ. ನೀನು ಟೌನಿನಲ್ಲಿರುವವನು, ಅವನು ಸಮುದ್ರದಾಚೆ ಇರುವವನು, ದಿನಾ ಬೆಳಿಗ್ಗೆ ಎಲ್ಲರಿಗೂ ಫೋನ್ ಮಾಡಿ ನಾನು ಇದ್ದೇನೆ ಅಂತ ಹೇಳಲಾ? ಬಚ್ಚಲಲ್ಲಿ ಜಾರಿ ಬಿದ್ದ ದಿನ ಹೂವು ಹಾಕಲಿಲ್ಲ. ಅವತ್ತು ಬಂದು ಬಾಗಿಲು ತಟ್ಟಿದವರಿಗೆ ಯಾರು ಹೇಳಿದ್ದು ಅಂತ ಕೇಳು. ಆ ಮಗುವನ್ನು ಬೈಯಬೇಡ.

ಪೂಜಾ, 9:24
ನಾನೇ ಮಾವ. ಏಳೂಕಾಲಿಗೆ ನೋಡಿದೆ, ಅಜ್ಜಿ ಹೂವು ಬಂದಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ತೋಟದ ಅಣ್ಣನಿಗೆ ಮಾಡಿದೆ.

ಶಿವಣ್ಣ ಚಿಕ್ಕಪ್ಪ, 9:26
ನನಗೆ ತೋಟದವನು ಫೋನ್ ಮಾಡಿದ. ಅವನಿಗೇ ಗೊತ್ತಾಗಿದೆ ಅಂದುಕೊಂಡಿದ್ದೆ.

ಶಿವಣ್ಣ ಚಿಕ್ಕಪ್ಪ, 9:27
ಪೂಜಾ, ನಿನ್ನ ಹೆಸರು ಹಿಡಿದು ಬರೆದದ್ದು ತಪ್ಪಾಯಿತು ಮಗಳೇ.

ಸುಧಾ ಅತ್ತೆ, 9:29
ನನಗೂ ಹೇಳಿಲ್ಲವಲ್ಲೇ ನೀನು.

ಪೂಜಾ, 9:29
ಅವತ್ತು ಅಜ್ಜಿ ಕಾಲಿನದೇ ಚಿಂತೆ ಆಗಿತ್ತಲ್ಲಮ್ಮ.

ಶಿವಣ್ಣ ಚಿಕ್ಕಪ್ಪ, 9:34
ಸರಿ. ಗುಂಪಿಗೆ ಬೀಗ ಬೇಡ. ಹೂವಿನ ಮಾತೂ ವಾಪಸ್. ಆದರೆ ಸುಧಾ ಹೇಳಿದಂತೆ ಏನಾದರೂ ಒಂದು ಬೇಕು. ತೋಟದ ಮನೆಗೆ ಬಂದಾಗಲಾದರೂ?

ಅಜ್ಜಿ, 9:38
[ಧ್ವನಿ ಸಂದೇಶ] ಬಂದಾಗ ಎಲ್ಲರ ಫೋನೂ ಮೊರಕ್ಕೆ ಹಾಕಿ. ಮೊರ ದೇವರ ಕೋಣೆ ಬಾಗಿಲಲ್ಲಿ ಇರಲಿ. ನನ್ನದನ್ನು ನಾನೇ ಮೊದಲು ಹಾಕುತ್ತೇನೆ.

ನಾನು, 9:40
ಈ ಭಾನುವಾರವೇ ಬರುತ್ತೇವೆ ಅಜ್ಜಿ. ತಾತನಿಗೆ ಬಾವಿಯಲ್ಲಿ ಏನು ಕೇಳಿಸಿತು ಅಂತ ಹೇಳಬೇಕು.

ರಘು ಕುವೈತ್, 9:42
ಎಲ್ಲ ಫೋನೂ ಮೊರಕ್ಕೆ ಹಾಕಿದರೆ ನಾನು ಹೇಗೆ ಕೇಳಲಿ ಅಕ್ಕ? ಭಾನುವಾರ ನನಗೆ ಡ್ಯೂಟಿ ಬೇರೆ. ಇಲ್ಲಿ ರಜೆ ಶುಕ್ರವಾರ, ಶನಿವಾರ.

ಅಜ್ಜಿ, 9:44
[ಧ್ವನಿ ಸಂದೇಶ] ಹಾಗಾದರೆ ಶನಿವಾರವೇ ಬನ್ನಿ. ರಘುಗೆ ಒಂದು ಫೋನ್ ಹೊರಗಿರಲಿ. ಅವನೂ ಕೂರಬೇಕಲ್ಲ.

ಲಲಿತಾ ಅತ್ತಿಗೆ, 9:47
ನಾನೂ ಬರುತ್ತೇನೆ ಅಜ್ಜಿ. 'ಶನಿವಾರ ಸಂಜೆ ಬಂದ ಆರ್ಡರ್‌ಗಳಿಗೆ ಭಾನುವಾರ ಉತ್ತರ' ಅಂತ ಸ್ಟೇಟಸ್ ಹಾಕುತ್ತೇನೆ. ರಾತ್ರಿ ಊಟಕ್ಕೆ ಸಂಡಿಗೆ ತರುತ್ತೇನೆ, ಎಣ್ಣೆ ಮಾತ್ರ ಅಲ್ಲಿಯದೇ.

ಶಿವಣ್ಣ ಚಿಕ್ಕಪ್ಪ, 9:50
ನನ್ನ ಫೋನ್ ಹೊರಗಿಡೋಣ, ಅದರ ಪರದೆ ದೊಡ್ಡದು. ಅಮ್ಮ ಕಂಬಕ್ಕೆ ಒರಗುತ್ತಾರೆ. ಎದುರಿಗೆ ಸ್ಟೂಲ್ ಮೇಲೆ ಅಕ್ಕಿ ಡಬ್ಬಿಗೆ ಆನಿಸಿ ಇಡುತ್ತೇನೆ. ನಮ್ಮ ಏಳು, ನಿನ್ನ ನಾಲ್ಕೂವರೆ.

ರಘು ಕುವೈತ್, 9:52
ಸ್ಟೂಲ್ ಹತ್ತಿರ ಇರಲಿ ಅಪ್ಪ. ಅಜ್ಜಿ ಎಲೆಗೆ ಸುಣ್ಣ ಹಚ್ಚುವುದು ಕಾಣಬೇಕು.