ಜ್ವರ, ದದ್ದು ಬಂದ ಮಗುವಿನ ರಕ್ತ ಯಾಕೆ ಕೇಳುತ್ತಾರೆ?

ಕೇಳಿದವರು: ಎರಡೂವರೆ ವರ್ಷದ ಮಗಳಿಗೆ ಜ್ವರ, ಕೆಮ್ಮು. ನಿನ್ನೆ ಕಿವಿಯ ಹಿಂದೆ ಎದ್ದ ದದ್ದು ಈಗ ಎದೆವರೆಗೂ ಇಳಿದಿದೆ. ದಡಾರ ಇರಬಹುದು ಅಂತ ಡಾಕ್ಟರ್ ವರದಿ ಕಳಿಸಿದ್ದಾರೆ. ಇವತ್ತು ಆರೋಗ್ಯ ಕಾರ್ಯಕರ್ತೆ ಬಂದು ರಕ್ತ ಕೇಳಿದರು. ಲಸಿಕೆ ಒಂದು ಡೋಸ್ ಆಗಿದೆ, ಎರಡನೆಯದು ತಪ್ಪಿದೆ. ಮಗು ಮೊದಲೇ ಸುಸ್ತಾಗಿದೆ. ರಕ್ತ ಕೊಡಲೇಬೇಕಾ?

ಒಬ್ಬ ತಾಯಿ: ಕೊಟ್ಟುಬಿಡಿ. ನಾನು ಬಾಗಿಲಲ್ಲೇ ಜಗಳ ಆಡಿದ್ದೆ, ಆಮೇಲೆ ಒಪ್ಪಿದೆ. ಸಣ್ಣ ಟ್ಯೂಬಿನಲ್ಲಿ ಒಂಚೂರು ರಕ್ತ, ಮಗ ಒಂದು ನಿಮಿಷ ಅತ್ತ, ಅಷ್ಟೇ. ಕೊನೆಗೆ ದಡಾರ ಅಲ್ಲ ಅಂತ ಬಂತು. ಸುಮ್ನೆ ಚುಚ್ಚಿಸಿದೆನಲ್ಲ ಅಂತ ಬೇಜಾರಾಯಿತು.

ದಡಾರ ಕಣ್ಗಾವಲಿನ ಕೆಲಸದವರು: ಸುಮ್ನೆ ಅಲ್ಲ. ದಡಾರ, ರುಬೆಲ್ಲಾ, ಇನ್ನೂ ಎಷ್ಟೋ ವೈರಸ್‌ಗಳ ದದ್ದು ನೋಡೋಕೆ ಒಂದೇ ಥರ. ರಕ್ತದಲ್ಲಿ ಐಜಿಎಂ (ಹೊಸ ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ) ಪರೀಕ್ಷೆ ಮಾಡಿದರೇ ಗೊತ್ತಾಗೋದು. ದೇಶದ ಕಣ್ಗಾವಲು, ಅಂದರೆ ಕಾಯಿಲೆ ಹುಡುಕುವ ಕೆಲಸ, ಚೆನ್ನಾಗಿದೆ ಅನ್ನಬೇಕಾದರೆ ವರ್ಷಕ್ಕೆ ಲಕ್ಷ ಜನರಲ್ಲಿ ಕನಿಷ್ಠ 2 ‘ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ’ ಅಂತ ಪರೀಕ್ಷೆಯಲ್ಲಿ ಬಂದ ಪ್ರಕರಣ ಸಿಗಬೇಕು. ಅಷ್ಟೂ ಸಿಗದಿದ್ದರೆ ಯಾರೂ ಸರಿಯಾಗಿ ಹುಡುಕುತ್ತಿಲ್ಲ ಅಂತ ಅರ್ಥ. ನಿಮ್ಮ ಮಗನ ರಕ್ತ ಆ ಲೆಕ್ಕಕ್ಕೇ ಸೇರಿದ್ದು.

ಕೇಳಿದವರಿಗೆ ಒಂದು ಮಾತು. ದದ್ದು ಎದ್ದ ದಿನ ಬರೆದಿಡಿ. ಜ್ವರ ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ದದ್ದು ಯಾವಾಗ ಅಂದರೆ ‘ಸೋಮವಾರ, ಅಲ್ಲಲ್ಲ, ಮಂಗಳವಾರ ಇರಬೇಕು’ ಅನ್ನುತ್ತಾರೆ. ನಮ್ಮ ಲೆಕ್ಕವೆಲ್ಲ ನಿಂತಿರೋದು ಅದರ ಮೇಲೆ. ದದ್ದು ಏಳುವ 4 ದಿನ ಮುಂಚಿನಿಂದ, ಎದ್ದು 4 ದಿನ ಆಗುವವರೆಗೆ ದಡಾರ ಬೇರೆಯವರಿಗೆ ಅಂಟುತ್ತದೆ. ಮಗು ಎದ್ದು ಹೋದ ಮೇಲೂ ವೈರಸ್ ಆ ಕೋಣೆಯ ಗಾಳಿಯಲ್ಲಿ 2 ಗಂಟೆವರೆಗೆ ಇರಬಲ್ಲದು. ಹಾಗಾಗಿ ಎಲ್ಲೆಲ್ಲಿ ಕೂತಿದ್ದಳು ಅಂತ ಜಾಸ್ತಿ ಕೆದಕುತ್ತೇವೆ. ದದ್ದು ಎದ್ದ ಮೊದಲ 3 ದಿನದೊಳಗಿನ ರಕ್ತದಲ್ಲಿ ಐಜಿಎಂ ಕೆಲವೊಮ್ಮೆ ಕಾಣೋದಿಲ್ಲ. ಇನ್ನೊಮ್ಮೆ ಕೇಳಿದರೆ ಬೈಯಬೇಡಿ!

ಕೇಳಿದವರು: ಸರಿ, ಕೊಡುತ್ತೇನೆ. ಎಂಟು ತಿಂಗಳ ತಮ್ಮನೂ ಇದ್ದಾನೆ. ಅವನಿಗೆ ಲಸಿಕೆ ಆಗಿಲ್ಲ.

ಮಕ್ಕಳ ವಾರ್ಡಿನ ನರ್ಸ್: ಇದನ್ನ ಮೊದಲೇ ಹೇಳಬೇಕಿತ್ತು ಅಲ್ವಾ? ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಹಾಕಿದರೆ ಕಾಯಿಲೆ ತಡೆಯಬಹುದು, 6 ತಿಂಗಳು ತುಂಬಿದ ಮಗುವಿಗೂ ಹಾಕುತ್ತಾರೆ. ಆದರೆ ಒಂದೇ ಮನೆಯಲ್ಲಿ ಆ ಅವಧಿ ದಾಟಿರೋದೇ ಜಾಸ್ತಿ. ಆಗ 6 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಮದ್ದು) ಕೊಡುವ ದಾರಿ ಇದೆ. ಮಗಳಿಗೆ ವಿಟಮಿನ್ ಎ ಬಗ್ಗೆಯೂ ಕೇಳಿ, ನೀವೇ ತಂದು ಹಾಕಬೇಡಿ. ತಪ್ಪಿದ ಎರಡನೇ ಡೋಸ್ ಚೇತರಿಸಿಕೊಂಡ ಮೇಲೆ ಹಾಕಿಸಿ, ಮೊದಲಿಂದ ಶುರು ಮಾಡಬೇಕಿಲ್ಲ. ಆಸ್ಪತ್ರೆಗೆ ಬರುವ ಮುಂಚೆ ದದ್ದಿನ ವಿಷಯ ಫೋನಲ್ಲೇ ತಿಳಿಸಿ, ಬೇರೆ ಬಾಗಿಲಿಂದ ಕರೆದುಕೊಳ್ಳುತ್ತಾರೆ.